ಮನೆ ಮಾರುವವರು ರಿಜಿಸ್ಟ್ರೇಷನ್ ದಿನಕ್ಕೆ ಮೊದಲೇ ಮುಗಿಸಬೇಕಾದ ಕೆಲಸ

(ಮೈಸೂರಿನಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆ ಕೊಳ್ಳುವವರಿಗೆ ಬುದ್ಧಿ ಹೇಳುವವರು ಊರು ತುಂಬ ಇದ್ದಾರೆ. ಇಸಿ (ಆಸ್ತಿ ಮೇಲಿನ ಋಣಭಾರದ ಪತ್ರ) ತೆಗೆಸಿ, ಮೂಲಪತ್ರ ನೋಡಿ, ವಕೀಲರಿಗೆ ತೋರಿಸಿ, ಖಾತಾ ಯಾರ ಹೆಸರಲ್ಲಿದೆ ವಿಚಾರಿಸಿ. ಮಾರುವವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. "ನಿಮಗೇನ್ರೀ, ಸೈನ್ ಹಾಕಿ ದುಡ್ಡು ತಗೊಂಡು ಬರೋದು, ಅಷ್ಟೇ ಅಲ್ವಾ" ಅನ್ನುತ್ತಾರೆ. ನಾನು ವಕೀಲೆ. ಕ್ರಯಪತ್ರ ಬರೆಯುವುದೇ ನನ್ನ ದಿನದ ಕೆಲಸ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕಂಗಾಲಾಗಿ ಕೂತವರಲ್ಲಿ ನಾನು ಕಂಡಂತೆ ಮಾರುವವರೇ ಜಾಸ್ತಿ, ಅದರಲ್ಲೂ ವಯಸ್ಸಾದವರು. ಮಕ್ಕಳನ್ನು ಬೆಳೆಸಿದ ಮನೆ, ಜೀವಮಾನದಲ್ಲಿ ಒಂದೇ ಸಲ ಮಾರುವುದು. ಪಕ್ಕದಲ್ಲಿ ನಿಂತ ಬ್ರೋಕರ್‌ಗೆ ಅದು ವಾರ ವಾರದ ಕೆಲಸ. ಗೊತ್ತಿರುವವರು ಅವಸರ ಮಾಡುತ್ತಾರೆ, ಗೊತ್ತಿಲ್ಲದವರು ಹೂಂ ಅನ್ನುತ್ತಾರೆ.

ಅದಕ್ಕೇ ಇವತ್ತು ಒಂದು ಮಾತು ಹೇಳಲು ಬಂದಿದ್ದೇನೆ. ರಿಜಿಸ್ಟ್ರೇಷನ್ ದಿನ ನೀವು ಹೊಸದಾಗಿ ತೀರ್ಮಾನ ಮಾಡುವಂಥದ್ದು ಒಂದೂ ಉಳಿದಿರಬಾರದು. ದುಡ್ಡು ಹೇಗೆ ಬರುತ್ತದೆ, ಯಾರಿಗೆ ಎಷ್ಟು, ಯಾರ್ಯಾರು ಸೈನ್ ಹಾಕುತ್ತಾರೆ, ಕೀ ಯಾವಾಗ ಕೊಡುತ್ತೀರಿ, ಇವೆಲ್ಲ ಮೊದಲೇ ಮಾತಾಗಿ ಬರಹದಲ್ಲಿ ಇರಬೇಕು. ಆಫೀಸಿನಲ್ಲಿ ಕೂತಾಗ ಯಾರಾದರೂ "ಒಂದು ಸಣ್ಣ ಬದಲಾವಣೆ ಮೇಡಂ" ಅಂದರೆ ಎದ್ದು ಮನೆಗೆ ಬನ್ನಿ. ಸ್ಲಾಟ್ ಇನ್ನೊಂದು ದಿನ ಸಿಗುತ್ತದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಗುಜರಾತಿನ ಸೂರತ್ ಕಡೆಯ ಒಂದು ಜಮೀನು 2009ರಲ್ಲಿ ಮಾರಾಟವಾಯಿತು. ಬೆಲೆ 1 ಕೋಟಿ 74 ಲಕ್ಷದ ಮೇಲೆ. ಅಷ್ಟಕ್ಕೂ 36 ಚೆಕ್ ಕೊಟ್ಟಿದೆ ಅಂತ ಕ್ರಯಪತ್ರದಲ್ಲಿ ಬರೆಯಲಾಗಿತ್ತು. ಮಾರಿದವರು 2014ರಲ್ಲಿ ಕೋರ್ಟಿಗೆ ಹೋದರು. ನಮಗೆ ಬಂದದ್ದು 6 ಚೆಕ್ಕಿನ ದುಡ್ಡು, ಒಟ್ಟು 40,000 ರೂಪಾಯಿ, ಉಳಿದ 30 ಚೆಕ್ ಬರಲೇ ಇಲ್ಲ, ಮಾರಾಟ ರದ್ದು ಮಾಡಿ ಅಂತ ಕೇಳಿದರು. ಅಷ್ಟರಲ್ಲಿ ಜಮೀನು ಬೇರೆಯವರ ಕೈ ಸೇರಿತ್ತು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2020ರ ಜುಲೈನಲ್ಲಿ ತೀರ್ಪು ಬಂತು. ವಕೀಲರು ಇದನ್ನು ದಹಿಬೆನ್ ಪ್ರಕರಣ ಅನ್ನುತ್ತಾರೆ. ಕೋರ್ಟು ಹೇಳಿದ್ದು ಇಷ್ಟು: ಕ್ರಯಪತ್ರ ಸೈನ್ ಆಗಿ ರಿಜಿಸ್ಟರ್ ಆದಮೇಲೆ ಪೂರ್ತಿ ಬೆಲೆ ಬಂದಿಲ್ಲ ಅನ್ನುವ ಕಾರಣಕ್ಕೆ ಅದು ರದ್ದಾಗುವುದಿಲ್ಲ. ಬಾಕಿ ದುಡ್ಡಿಗೆ ಬೇರೆ ದಾರಿ ನೋಡಿಕೊಳ್ಳಬೇಕು. ರದ್ದು ಮಾಡಿ ಅಂತ ಕೇಸು ಹಾಕುವುದಕ್ಕೂ ಮೂರು ವರ್ಷದ ಗಡುವಿತ್ತು, ಅದೂ ದಾಟಿತ್ತು. ಕೇಸು ವಜಾ ಆಯಿತು.

1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹಾಗಿದೆ. ಕೊಟ್ಟ ಬೆಲೆಗೂ ಕ್ರಯ ಆಗುತ್ತದೆ, ಮುಂದೆ ಕೊಡುತ್ತೇನೆ ಅಂದ ಬೆಲೆಗೂ ಆಗುತ್ತದೆ. ಹಾಗಾಗಿ "ಸೈನ್ ಹಾಕಿಬಿಡಿ, ಸಂಜೆ ದುಡ್ಡು ಹಾಕ್ತೀನಿ" ಅನ್ನುವ ಮಾತನ್ನು ಒಪ್ಪಲೇಬೇಡಿ. ಎದುರಿಗಿರುವವರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಕೈಯಲ್ಲಿರುವ ಬಲ ಆ ಒಂದು ಸೈನ್ ಮಾತ್ರ.

ಹಾಗಾದರೆ ದುಡ್ಡು ಯಾವ ರೂಪದಲ್ಲಿ ಬರಬೇಕು? ಕೊನೆಯ ಕಂತಿಗೆ ಚೆಕ್ ಬೇಡ. ಡಿಡಿ ಆದರೆ ಒಂದೆರಡು ದಿನ ಮೊದಲೇ ಅದರ ಫೋಟೋ ತರಿಸಿಕೊಳ್ಳಿ. ಡಿಡಿ ಕೊಟ್ಟ ಬ್ರಾಂಚಿಗೆ ನೀವೇ ಹೋಗಿ, ಈ ನಂಬರಿನ ಡಿಡಿ ನಿಮ್ಮದೇನಾ ಅಂತ ಕೇಳಿ. ನಕಲಿ ಡಿಡಿ ಬರುವುದು ಉಂಟು. ನಿಮ್ಮ ಹೆಸರಿನ ಅಕ್ಷರ ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಡಿಡಿ ಮೇಲೂ ಇರಬೇಕು. ಆರ್‌ಟಿಜಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಆದರೆ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜಾ ದಿನ ಕೂಡ ನಡೆಯುತ್ತದೆ. "ಬ್ಯಾಂಕ್ ಟೈಮ್ ಮುಗೀತು" ಅನ್ನುವ ನೆಪ ಈಗ ಅಷ್ಟು ನಡೆಯುವುದಿಲ್ಲ. ಕೊಳ್ಳುವವರ ಮೊಬೈಲಿನ ಸ್ಕ್ರೀನ್‌ಶಾಟ್ ನೋಡಿ ತೃಪ್ತಿಪಡಬೇಡಿ. ನಿಮ್ಮ ಖಾತೆಯಲ್ಲಿ ದುಡ್ಡು ಕಾಣಬೇಕು. ಡಿಡಿ ನಂಬರ್, ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತಿನ ನಂಬರ್), ತಾರೀಕು ಎಲ್ಲವೂ ಕ್ರಯಪತ್ರದ ಒಳಗೇ ಬರಲಿ.

ಕೊಳ್ಳುವವರು ಸಾಲ ಮಾಡಿದ್ದರೆ ಅವರ ಬ್ಯಾಂಕಿನವರೇ ಡಿಡಿ ಹಿಡಿದು ಆ ದಿನ ಆಫೀಸಿಗೆ ಬರುತ್ತಾರೆ. ಸಾಲ ಮಂಜೂರಾದ ಪತ್ರದ ಪ್ರತಿ ಮೊದಲೇ ಕೇಳಿ. ಮಂಜೂರಾದದ್ದು ಎಷ್ಟು, ಕೈಯಿಂದ ಹಾಕುವುದು ಎಷ್ಟು, ಎರಡೂ ಕೂಡಿದರೆ ನಿಮ್ಮ ಬೆಲೆ ಬರುತ್ತದಾ ಅಂತ ಲೆಕ್ಕ ಹಾಕಿ ನೋಡಿ. ಈ ಲೆಕ್ಕ ಈಗ ಇನ್ನೂ ಮುಖ್ಯ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2% ಆಗಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿದರೆ ನಗರದಲ್ಲಿ ಸುಮಾರು 7.6%. ಅಂದರೆ 80 ಲಕ್ಷದ ಮನೆಗೆ 6 ಲಕ್ಷಕ್ಕೂ ಜಾಸ್ತಿ. ಅದನ್ನು ಕಟ್ಟುವವರು ಕೊಳ್ಳುವವರೇ, ನಿಜ. ಆದರೆ ಅವರ ಲೆಕ್ಕ ತಪ್ಪಿದರೆ ಕೊನೇ ವಾರದಲ್ಲಿ ನಿಮ್ಮ ಹತ್ತಿರ ಬಂದು "ಪತ್ರದಲ್ಲಿ ಬೆಲೆ ಕಮ್ಮಿ ತೋರಿಸೋಣ, ಉಳಿದದ್ದು ಕ್ಯಾಶ್ ಕೊಡ್ತೀವಿ" ಅನ್ನುತ್ತಾರೆ.

ಬೇಡ ಅನ್ನಿ. ಮನೆ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡಷ್ಟೇ ದಂಡ ಬೀಳಬಹುದು. ದಂಡ ತಗೊಂಡವರಿಗೆ, ಅಂದರೆ ನಿಮಗೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆಸ್ತಿಯೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ. ರಿಜಿಸ್ಟ್ರೇಷನ್‌ಗೆ ಬಂದ ಪತ್ರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕೊಟ್ಟಿದ್ದು ಕಂಡರೆ ಸಬ್ ರಿಜಿಸ್ಟ್ರಾರ್ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಇಷ್ಟೆಲ್ಲ ಬಿಟ್ಟರೂ, ವಯಸ್ಸಾದ ದಂಪತಿ ಮನೆಯಲ್ಲಿ ಲಕ್ಷಗಟ್ಟಲೆ ನೋಟು ಇಟ್ಟುಕೊಂಡು ನಿದ್ದೆ ಮಾಡುವುದು ಹೇಗೆ ಹೇಳಿ.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ ಬಗ್ಗೆ ಒಂದು ಮಾತು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು 1% ಹಿಡಿದುಕೊಂಡು ನಿಮ್ಮ ಪ್ಯಾನ್ ನಂಬರಿಗೆ ಸರ್ಕಾರಕ್ಕೆ ಕಟ್ಟಬೇಕು. 80 ಲಕ್ಷಕ್ಕೆ 80,000. "ಬೆಲೆ ಕಮ್ಮಿ ಕೊಟ್ಟರು" ಅಂತ ಆ ದಿನ ಜಗಳ ಆಡಬೇಡಿ, ಅದು ನಿಮ್ಮ ತೆರಿಗೆ ಲೆಕ್ಕಕ್ಕೇ ಜಮಾ ಆಗುತ್ತದೆ. ಕಟ್ಟಿದ ಚಲನ್ ಮಾತ್ರ ಕೇಳಿ ತಗೊಳ್ಳಿ. ನಿಮ್ಮ ಪ್ಯಾನ್ ಆಧಾರ್‌ಗೆ ಲಿಂಕ್ ಆಗದೆ ನಿಂತುಹೋಗಿದ್ದರೆ 1% ಇದ್ದದ್ದು 20% ಆಗಬಹುದು. ಇದನ್ನು ಇವತ್ತು ಸಂಜೆಯೇ ನೋಡಿಕೊಳ್ಳಿ.

ಇನ್ನು ಸೈನ್ ಹಾಕುವವರು ಯಾರು? ಇಲ್ಲೇ ಜಾಸ್ತಿ ಮನೆಗಳು ಸಿಕ್ಕಿಹಾಕಿಕೊಳ್ಳುವುದು.

ಯಜಮಾನರು ಸೈಟ್ ತಗೊಂಡು ಮನೆ ಕಟ್ಟಿಸಿದರು, ವಿಲ್ ಬರೆಯದೆ ತೀರಿಕೊಂಡರು ಅಂದುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಹೆಣ್ಣುಮಗಳಿಗೂ ಅಷ್ಟೇ ಪಾಲು. "ಅವಳಿಗೆ ಅರಿಶಿನ ಕುಂಕುಮಕ್ಕೆ ಅಂತ ಆಗಲೇ ಕೊಟ್ಟಿದ್ದೀವಿ" ಅನ್ನುವುದು ಕಾನೂನಿನ ಕಣ್ಣಿಗೆ ಕಾಣುವುದಿಲ್ಲ. ಅವಳು ಕ್ರಯಪತ್ರಕ್ಕೆ ಸೈನ್ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರ ಬರೆದು ರಿಜಿಸ್ಟರ್ ಮಾಡಿಸಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಯಜಮಾನರು ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಆ ಅಜ್ಜಿಗೂ ಒಂದು ಪಾಲು. ಆಮೇಲೆ ಅಜ್ಜಿ ತೀರಿಕೊಂಡರೆ ಅವರ ಪಾಲು ಅವರ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಅಂದರೆ ನಿಮ್ಮ ಚಿಕ್ಕಪ್ಪ, ಅತ್ತೆ ಅವರಿಗೂ ಈ ಮನೆಯಲ್ಲಿ ಒಂದು ಚೂರು ಹಕ್ಕು ಬಂತು. ಕೊಳ್ಳುವವರ ವಕೀಲರು ವಂಶವೃಕ್ಷ ನೋಡಿ, ತೀರಿಕೊಂಡ ತಾರೀಕುಗಳನ್ನು ಹೋಲಿಸಿ ಇದನ್ನು ಹಿಡಿಯುತ್ತಾರೆ. ಮುಂಗಡ ತಗೊಂಡ ಮೇಲೆ ಗೊತ್ತಾದರೆ ಸಂಬಂಧಿಕರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಮೊದಲೇ ಅವರ ಮನೆಗೆ ಹೋಗಿ, ಕಾಫಿ ಕುಡಿದು, ಮಾತಾಡಿ ಬನ್ನಿ. ಪ್ರೀತಿಯಿಂದ ಕೇಳಿದರೆ ಎಷ್ಟೋ ಜನ ಸೈನ್ ಹಾಕಿಕೊಡುತ್ತಾರೆ.

ಪಾಲುದಾರರು ಜಾಸ್ತಿ ಇದ್ದರೆ ದುಡ್ಡನ್ನೂ ಹಾಗೇ ಒಡೆದು ತಗೊಳ್ಳಿ. ಯಾರ ಪಾಲು ಎಷ್ಟೋ ಅಷ್ಟರ ಡಿಡಿ ಅವರವರ ಹೆಸರಿಗೇ ಬರಲಿ. "ಅಣ್ಣನ ಖಾತೆಗೆ ಹಾಕಿ, ಆಮೇಲೆ ಹಂಚಿಕೊಳ್ತೀವಿ" ಅಂದ ಮನೆಗಳಲ್ಲಿ ಅಣ್ಣ ತಂಗಿ ಮಾತು ಬಿಟ್ಟದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಮಗ ಅಮೆರಿಕದಲ್ಲಿ, ಮಗಳು ದುಬೈನಲ್ಲಿ ಅನ್ನುವ ಮನೆಗಳು ಮೈಸೂರಿನಲ್ಲಿ ಬೀದಿಗೆ ನಾಲ್ಕಿವೆ. ಅವರಿಗೆ ಪಾಲಿದ್ದು ಬರಲು ಆಗದಿದ್ದರೆ ಪವರ್ ಆಫ್ ಅಟಾರ್ನಿ ಬೇಕು. ಕರಡು ಇಲ್ಲಿಂದ ಕಳಿಸಿ. ಮಾರುವ ಅಧಿಕಾರ, ದುಡ್ಡು ತಗೊಳ್ಳುವ ಅಧಿಕಾರ, ರಿಜಿಸ್ಟ್ರೇಷನ್‌ಗೆ ಹಾಜರಾಗುವ ಅಧಿಕಾರ ಮೂರೂ ಬಿಡಿಬಿಡಿಯಾಗಿ ಬರೆದಿರಬೇಕು. ಅವರು ಅಲ್ಲಿನ ಭಾರತದ ಕಾನ್ಸುಲೇಟ್‌ನಲ್ಲಿ ಸೈನ್ ಹಾಕಬೇಕು. ಅಮೆರಿಕದಂಥ ದೇಶದಲ್ಲಾದರೆ ನೋಟರಿ ಮಾಡಿಸಿ ಅಪೋಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ) ಮಾಡಿಸಿದರೂ ಆಗುತ್ತದೆ. ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಇನ್ನೊಂದು, ಎನ್‌ಆರ್‌ಐ ಪಾಲಿಗೆ ಆ 1% ಟಿಡಿಎಸ್ ಲೆಕ್ಕ ಇಲ್ಲ. ಕಡಿತ ತುಂಬಾ ಜಾಸ್ತಿ ಇರುತ್ತದೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಿಸಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಕ್ರಯದ ಕರಾರು ಆದ ವಾರದಲ್ಲೇ ಅರ್ಜಿ ಹಾಕಿಸಿ.

ಈಗ ಕಾಗದಪತ್ರ. 2024ರ ಅಕ್ಟೋಬರ್‌ನಿಂದೀಚೆಗೆ ನಗರದ ಆಸ್ತಿಗೆ ಇ-ಖಾತಾ (ಖಾತಾದ ಡಿಜಿಟಲ್ ರೂಪ) ಇಲ್ಲದೆ ಕೆಲಸ ನಡೆಯುವುದಿಲ್ಲ. ಅದನ್ನು ಮಾಡಿಸುವುದು ಮಾರುವವರ ಪಾಲಿಗೇ ಬಂದಿದೆ. ಮಾರುವ ಯೋಚನೆ ಬಂದ ದಿನವೇ ಅರ್ಜಿ ಹಾಕಿ. ಆಮೇಲೆ ನಿಮ್ಮ ಹೆಸರನ್ನು ಎಲ್ಲ ಕಡೆ ಹೋಲಿಸಿ ನೋಡಿ. ಹಳೇ ಪತ್ರದಲ್ಲಿ 'ಲಕ್ಷ್ಮಮ್ಮ ಕೋಂ' ಅಂತ ಇರುತ್ತದೆ, ಆಧಾರ್‌ನಲ್ಲಿ 'ಲಕ್ಷ್ಮೀದೇವಮ್ಮ' ಆಗಿರುತ್ತದೆ, ಪ್ಯಾನ್‌ನಲ್ಲಿ ಇನಿಷಿಯಲ್ ಹಿಂದುಮುಂದಾಗಿರುತ್ತದೆ. ಮೂರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಡಿ, ಆಗುವುದಾದರೆ ಆಧಾರ್ ತಿದ್ದಿಸಿ.

ಕ್ರಯಪತ್ರದ ಕರಡು ಸಾಮಾನ್ಯವಾಗಿ ಕೊಳ್ಳುವವರ ಕಡೆಯಿಂದ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ವಿವರ ತುಂಬುವುದೂ ಅವರೇ. ಅವರು ಸಲ್ಲಿಸುವ ಮೊದಲು ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದಿ. ಅದರಲ್ಲೂ ಕೊನೇ ಪುಟದ ಷೆಡ್ಯೂಲ್, ಅಂದರೆ ಆಸ್ತಿಯ ವಿವರ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಅಳತೆ ಎಷ್ಟು ಅಂತ ನಿಮ್ಮ ಮೂಲಪತ್ರ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಹಳೇ ಪತ್ರದಲ್ಲಿ ಉತ್ತರಕ್ಕೆ ಇಂಥ ನಂಬರಿನ ಸೈಟು ಅಂತ ಇದ್ದದ್ದನ್ನು ಟೈಪ್ ಮಾಡುವವರು ದಕ್ಷಿಣಕ್ಕೆ ಹಾಕಿರುತ್ತಾರೆ. ಸಣ್ಣ ತಪ್ಪು ಅನಿಸುತ್ತದೆ. ಆದರೆ ರಿಜಿಸ್ಟರ್ ಆದಮೇಲೆ ಗೊತ್ತಾದರೆ ತಿದ್ದುಪಡಿ ಪತ್ರ ಆಗಬೇಕು, ಅದಕ್ಕೆ ಮಾರಿದವರೂ ಬಂದು ಸೈನ್ ಹಾಕಬೇಕು. ಮನೆ ಮಾರಿ ಪುಣೆಗೆ ಮಗಳ ಮನೆಗೆ ಹೋಗಿ ಸೇರಿದವರು ಒಂದು ದಿಕ್ಕಿನ ಹೆಸರಿಗಾಗಿ ರೈಲು ಹತ್ತಿ ಬರಬೇಕಾಗುತ್ತದೆ.

ಮನೆ ಮೇಲೆ ನಿಮ್ಮ ಸಾಲ ಇದ್ದರೆ ಬ್ಯಾಂಕಿನಿಂದ ಇಂಥ ತಾರೀಕಿಗೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಅನ್ನುವ ಪತ್ರ ತಗೊಳ್ಳಿ. ಜೊತೆಗೆ ಅವರ ಹತ್ತಿರ ಇರುವ ಮೂಲಪತ್ರಗಳ ಪಟ್ಟಿ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಆದರೂ ಅಷ್ಟು ದಿನ ಬೇಕಾಗಬಹುದು ಅಂತಲೇ ರಿಜಿಸ್ಟ್ರೇಷನ್ ತಾರೀಕು ಇಟ್ಟುಕೊಳ್ಳಿ. ಅಡಮಾನ ಇಸಿಯಲ್ಲಿ ಕಾಣುತ್ತಿದ್ದರೆ ಋಣಮುಕ್ತಿ ಪತ್ರವೂ ರಿಜಿಸ್ಟರ್ ಆಗಬೇಕು. ಸಾಲ ತೀರಿಸಿ ಹತ್ತು ವರ್ಷವಾದರೂ ಇಸಿಯಲ್ಲಿ ಅಡಮಾನ ಹಾಗೇ ಉಳಿದಿರುವುದು ಅಪರೂಪ ಏನಲ್ಲ.

ಭೋಗ್ಯಕ್ಕೆ ಕೊಟ್ಟ ಮನೆ ಮಾರುವುದು ನಮ್ಮ ಕಡೆಯ ದೊಡ್ಡ ತಲೆನೋವು. ಭೋಗ್ಯದವರು ಹತ್ತು ಲಕ್ಷ ಕೊಟ್ಟು ಕೂತಿದ್ದಾರೆ ಅನ್ನಿ. ದುಡ್ಡು ಕೈಗೆ ಬರದೆ ಅವರು ಮನೆ ಬಿಡುವುದಿಲ್ಲ. ಮನೆ ಖಾಲಿಯಾಗದೆ ಕೊಳ್ಳುವವರು ದುಡ್ಡು ಕೊಡುವುದಿಲ್ಲ. ಮಧ್ಯದಲ್ಲಿ ನಿಮ್ಮ ಕೈ ಖಾಲಿ. ಇದಕ್ಕೆ ಇರುವ ಒಳ್ಳೆ ದಾರಿ ಮೂವರೂ ಮೊದಲೇ ಒಟ್ಟಿಗೆ ಕೂತು ಮಾತಾಡುವುದು. ನಿಮಗೆ ಬರಬೇಕಾದ ಬೆಲೆಯಲ್ಲಿ ಹತ್ತು ಲಕ್ಷವನ್ನು ಕೊಳ್ಳುವವರು ನೇರವಾಗಿ ಭೋಗ್ಯದವರ ಖಾತೆಗೆ ಹಾಕಲಿ. ಅವರು ಸಾಮಾನು ಸಾಗಿಸಿ, ಕೀ ಕೊಟ್ಟು, ಭೋಗ್ಯದ ದುಡ್ಡು ಪೂರ್ತಿ ಬಂತು ಅಂತ ರಶೀದಿ ಬರೆದು ಕೊಡಲಿ. ಈ ಪಾವತಿ ಕ್ರಯಪತ್ರದಲ್ಲೂ ಬರಲಿ. ಭೋಗ್ಯದವರಿಗೂ ಸಂಸಾರ ಇದೆ, ಮಕ್ಕಳ ಶಾಲೆ ಇದೆ. ಅವರಿಗೆ ತಿಂಗಳುಗಟ್ಟಲೆ ಮೊದಲೇ ಹೇಳಿ.

ಮೂಲಪತ್ರ ಕೈಬಿಡುವ ಮೊದಲು ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿಸಿ. ಮನೆ ಕಟ್ಟಿದ ಬಿಲ್ಲುಗಳನ್ನು ನೀವೇ ಇಟ್ಟುಕೊಳ್ಳಿ. ಮುಂದೆ ತೆರಿಗೆ ಲೆಕ್ಕಕ್ಕೆ ಇವು ಬೇಕು. 2001ರ ಏಪ್ರಿಲ್ 1ಕ್ಕಿಂತ ಮೊದಲು ತಗೊಂಡ ಮನೆಯಾದರೆ ಆ ತಾರೀಕಿನ ಮೌಲ್ಯವನ್ನು ಲೆಕ್ಕಕ್ಕೆ ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಮಾಡಿಸಿ, ಅದೂ ಮನೆ ನಿಮ್ಮ ಕೈಯಲ್ಲಿ ಇರುವಾಗಲೇ. ಕೀ ಕೊಟ್ಟಮೇಲೆ ಒಳಗೆ ಬಿಡುವವರು ಬೇರೆಯವರಾಗಿರುತ್ತಾರೆ. ಲಾಭದ ಮೇಲೆ ಎಷ್ಟು ತೆರಿಗೆ, ಬೇರೆ ಮನೆ ತಗೊಂಡರೆ ಎಷ್ಟು ಉಳಿಯುತ್ತದೆ, ಇದೆಲ್ಲ ನಿಮ್ಮ ಆಡಿಟರ್ ಹತ್ತಿರ ಕರಾರಿಗೆ ಮೊದಲೇ ಮಾತಾಡಿ.

ಇನ್ನು ಆ ದಿನ. ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದನ್ನು ನೋಡುವ ಮನೆಯವರಾದರೆ ಸ್ಲಾಟ್ ಬುಕ್ ಮಾಡುವಾಗಲೇ ಹೇಳಿ. ಕೌಂಟರ್ ಮುಂದೆ ನಿಂತು "ಸ್ವಲ್ಪ ತಡೀರಿ" ಅಂದರೆ ಹಿಂದೆ ಇರುವವರ ಟೋಕನ್ ಮುಂದೆ ಹೋಗುತ್ತದೆ. ಮೂಲ ಆಧಾರ್, ಪ್ಯಾನ್, ಓಟಿಪಿ ಬರುವ ಮೊಬೈಲ್ ಜೊತೆಗಿರಲಿ. ಗುರುತಿಸುವ ಸಾಕ್ಷಿಗಳು ಇಬ್ಬರು, ಅವರೂ ಗುರುತಿನ ಚೀಟಿ ತರಲಿ.

ಮೊದಲು ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ಆಮೇಲೆ ಪುಟ್ಟ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಡಬೇಕು. ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಕಾಯಿ ತುರಿದು ಸವೆದ ಬೆರಳಿನ ಗುರುತು ಬೇಗ ಹತ್ತುವುದಿಲ್ಲ. ಆಪರೇಟರ್ "ಒತ್ತಿ ಅಮ್ಮಾ, ಇನ್ನೂ ಸ್ವಲ್ಪ ಒತ್ತಿ" ಅನ್ನುತ್ತಿರುತ್ತಾರೆ. ಗಾಬರಿಯಾಗಬೇಡಿ. ಒದ್ದೆ ಕರ್ಚೀಫಿನಲ್ಲಿ ಬೆರಳು ಒರೆಸಿ ನಿಧಾನವಾಗಿ ಇಡಿ. ಕೊನೆಗೆ ಸಬ್ ರಿಜಿಸ್ಟ್ರಾರ್ ಪತ್ರ ನಿಮ್ಮದೇನಾ, ಸೈನ್ ನಿಮ್ಮದೇನಾ, ದುಡ್ಡು ಬಂತಾ ಅಂತ ಕೇಳುತ್ತಾರೆ. ಇದು ಶಾಸ್ತ್ರಕ್ಕೆ ಕೇಳುವ ಪ್ರಶ್ನೆ ಅಂದುಕೊಳ್ಳಬೇಡಿ. ನೀವು ಹೂಂ ಅಂದದ್ದು ಪತ್ರದ ಹಿಂದೆ ಷರಾ ಆಗಿ ನಿಲ್ಲುತ್ತದೆ. ಬಂದಿಲ್ಲದಿದ್ದರೆ ಬಂದಿಲ್ಲ ಅಂತ ಅಲ್ಲೇ ಹೇಳಿ. ಹೇಳುವುದಕ್ಕೆ ನಾಚಿಕೆ, ದಾಕ್ಷಿಣ್ಯ ಯಾವುದೂ ಬೇಡ.

ಹಾಸಿಗೆ ಹಿಡಿದ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು, ಮೆಟ್ಟಿಲು ಎತ್ತಿಕೊಂಡು ಹತ್ತಿಸಿದ್ದನ್ನು ನೋಡಿದ್ದೇನೆ. ಅದು ಬೇಕಿಲ್ಲ. ವಿಶೇಷ ಕಾರಣ ಇದ್ದರೆ ಅಧಿಕಾರಿ ಮನೆಗೇ ಬಂದು ನೋಂದಣಿ ಮಾಡಿಕೊಳ್ಳಬಹುದು ಅಂತ 1908ರ ನೋಂದಣಿ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಡಾಕ್ಟರ ಪತ್ರ ಇಟ್ಟು ಮೊದಲೇ ಅರ್ಜಿ ಕೊಡಿ, ಶುಲ್ಕ ಕಟ್ಟಿ.

ಮನೆ ಒಪ್ಪಿಸುವ ವಿಷಯ. ಮಾರಿದ ದಿನದವರೆಗಿನ ಕಂದಾಯ, ನೀರು, ಕರೆಂಟ್ ಬಾಕಿ ಮಾರುವವರದ್ದೇ. ಮೀಟರ್ ರೀಡಿಂಗ್ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಚೆಸ್ಕಾಂ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಕೊಳ್ಳುವವರ ಹೆಸರಿಗೆ ಆಗುವಾಗ ನೀವು ಕಟ್ಟಿದ ಡಿಪಾಸಿಟ್ ಯಾರಿಗೆ ಅಂತ ಮೊದಲೇ ಮಾತಾಡಿ. ಯುಪಿಎಸ್, ಸೋಲಾರ್, ಗೀಸರ್, ಹಜಾರದ ಉಯ್ಯಾಲೆ, ಇವುಗಳಲ್ಲಿ ಯಾವುದು ಬಿಡುತ್ತೀರಿ, ಯಾವುದು ಒಯ್ಯುತ್ತೀರಿ ಅಂತ ಕರಾರಿನಲ್ಲೇ ಬರೆಯಿರಿ. ಕೋಟಿ ರೂಪಾಯಿಯ ವ್ಯಾಪಾರ ಉಯ್ಯಾಲೆ ಸರಪಳಿಗಾಗಿ ಮುನಿಸಿನಲ್ಲಿ ಮುಗಿಯುವುದು ಬೇಡ. ರಿಜಿಸ್ಟ್ರೇಷನ್ ಮುಗಿದ ದಿನವೇ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು ವರದಿಯಾಗಿದ್ದವು. ಮನೆ ಮಾರಿದ ದುಡ್ಡು ಇರುವ ಖಾತೆ ಅದು, ನೆನಪಿಡಿ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಹೊಸ ಫ್ಲಾಟ್ ಇನ್ನೂ ರೆಡಿ ಆಗಿಲ್ಲಮ್ಮ. ರಿಜಿಸ್ಟ್ರೇಷನ್ ಆದಮೇಲೂ ಒಂದೆರಡು ತಿಂಗಳು ಇಲ್ಲೇ ಇರಬಹುದಾ?"

ಇರಬಹುದು ಸಾರ್, ಕೊಳ್ಳುವವರು ಒಪ್ಪಿದರೆ. ಆದರೆ ಬಾಯಿಮಾತಿನಲ್ಲಿ ಬೇಡ. ಕ್ರಯಪತ್ರದಲ್ಲಿ "ಈ ದಿನ ಸ್ವಾಧೀನ ಕೊಟ್ಟಿದೆ" ಅಂತ ಇದ್ದು ನೀವು ಒಳಗೇ ಇದ್ದರೆ ಇಬ್ಬರಿಗೂ ಕಷ್ಟ. ಬೇರೆ ಕರಾರು ಮಾಡಿಕೊಳ್ಳಿ. ಯಾವ ತಾರೀಕಿನವರೆಗೆ ಇರುತ್ತೀರಿ, ಬಾಡಿಗೆ ಎಷ್ಟು, ಕರೆಂಟ್ ಬಿಲ್ ಯಾರದ್ದು, ತಾರೀಕು ದಾಟಿದರೆ ದಿನಕ್ಕೆ ಎಷ್ಟು ಅಂತ ಬರೆಯಿರಿ. ಅವರು ಭದ್ರತೆಗೆ ಸ್ವಲ್ಪ ದುಡ್ಡು ಹಿಡಿದುಕೊಳ್ಳುತ್ತೇವೆ ಅನ್ನಬಹುದು. ಬೆಲೆಯಲ್ಲಿ ಹಿಡಿಯಲು ಬಿಡಬೇಡಿ. ಬೆಲೆ ಪೂರ್ತಿ ತಗೊಂಡು, ಆಮೇಲೆ ನಿಮ್ಮ ಖಾತೆಯಿಂದ ಡಿಪಾಸಿಟ್ ಅಂತ ಬೇರೆಯಾಗಿ ಕೊಡಿ, ಅದಕ್ಕೆ ರಶೀದಿ ತಗೊಳ್ಳಿ.